ದವಾಖಾನೆಗೆ ಕಂಪ್ಯೂಟರ್ ಬಂತು, ಚೀಲ ಮಾತ್ರ ಹೋಗಲಿಲ್ಲ

ಹುಮನಾಬಾದ್ ಬೇಸಿನಲ್ಲಿ ಮುಂಜಾನೆ ಎಂಟರ ಸುಮಾರಿಗೆ ಅರ್ಧ ತಾಸು ನಿಂತು ನೋಡಿರಿ. ಕಮಲಾಪುರದ ಕಡೆಯ ಬಸ್ಸಿನಿಂದ ಇಳಿಯುವವರಲ್ಲಿ ಯಾರು ಕೋರ್ಟಿಗೆ, ಯಾರು ಕಾಲೇಜಿಗೆ, ಯಾರು ಗಂಜಿಗೆ ಎಂಬುದು ಕೈಯಲ್ಲಿರುವ ಸಾಮಾನು ನೋಡಿದರೇ ತಿಳಿಯುತ್ತದೆ. ದವಾಖಾನೆಗೆ ಬಂದವರ ಗುರುತು ಒಂದೇ. ಪ್ಲಾಸ್ಟಿಕ್ ಚೀಲ.

ಯಾವುದೋ ಬಟ್ಟೆ ಅಂಗಡಿಯ ಹೆಸರಿರುವ ಆ ಚೀಲದಲ್ಲಿ ಮೂರು ವರ್ಷದ ಹಿಂದಿನ ಚೀಟಿ ಇರುತ್ತದೆ, ಮಡಚಿ ಮಡಚಿ ಹರಿದ ಇಸಿಜಿ ಪಟ್ಟಿ ಇರುತ್ತದೆ, ಎಕ್ಸ್‌ರೇ, ರಕ್ತ ತಪಾಸಣೆಯ ಕಾಗದ, ರೇಶನ್ ಕಾರ್ಡಿನ ಝೆರಾಕ್ಸ್, ಜೊತೆಗೆ ಖಾಲಿಯಾದ ಗುಳಿಗೆಯ ಪಟ್ಟಿ. ‘ಇದೇ ಗುಳಿಗಿ ಕೊಡ್ರಿ’ ಅಂತ ತೋರಿಸಲಿಕ್ಕೆ ಖಾಲಿ ಪಟ್ಟಿಯೂ ಬೇಕಲ್ಲ! ಈ ಜಿಲ್ಲೆಯ ಜನರ ಆರೋಗ್ಯದ ದಫ್ತರ ಅಂದರೆ ಇವತ್ತಿಗೂ ಈ ಚೀಲವೇ.

ಆದರೆ ಆಸ್ಪತ್ರೆಗಳಿಗೆಲ್ಲ ಕಂಪ್ಯೂಟರ್ ಬಂದು ಎಷ್ಟೋ ವರ್ಷಗಳಾದವು. ಹಾಗಿದ್ದರೆ ಚೀಲ ಯಾಕೆ ಹೋಗಲಿಲ್ಲ? ಈ ವಾರದ ಪ್ರಶ್ನೆ ಇದು.

ಕಳೆದ ವರ್ಷದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಐವಾನ್-ಎ-ಶಾಹಿ ಕಡೆಯ ಪರಿಚಯದ ಅಜ್ಜ ಒಬ್ಬರಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಜ್ವರ ಏರಿ ಉಸಿರಾಡುವುದೇ ಕಷ್ಟವಾಯಿತು. ಮನೆಯವರು ಆಟೋದಲ್ಲಿ ಹಾಕಿಕೊಂಡು ಒಂದು ಆಸ್ಪತ್ರೆಗೆ ಓಡಿದರು. ಅಲ್ಲಿ ಹಾಸಿಗೆ ಖಾಲಿ ಇಲ್ಲವೆಂದು ಇನ್ನೊಂದಕ್ಕೆ ಕಳಿಸಿದರು. ಎರಡರ ಹೆಸರೂ ಇಲ್ಲಿ ಬೇಡ. ಎರಡೂ ಕಡೆ ಕೌಂಟರಿನಲ್ಲಿ ಕಂಪ್ಯೂಟರ್ ಇತ್ತು, ಎರಡೂ ಕಡೆ ಹೆಸರು, ವಯಸ್ಸು, ಊರು, ಮೊಬೈಲ್ ನಂಬರ್ ಕೇಳಿ ಬರೆದುಕೊಂಡರು. ಮೊದಲನೆಯ ಕಡೆಯಂತೂ ಅಜ್ಜ ಎರಡು ವರ್ಷದಿಂದ ತೋರಿಸಿಕೊಳ್ಳುತ್ತಿದ್ದವರೇ.

ಈ ಅಜ್ಜನಿಗೆ ಪೆನಿಸಿಲಿನ್ ಜಾತಿಯ ಔಷಧ ಆಗಿಬರುವುದಿಲ್ಲ. ಹಿಂದೊಮ್ಮೆ ಸೂಜಿ ಕೊಟ್ಟಾಗ ಮೈಯೆಲ್ಲ ದದ್ದು ಎದ್ದು ಜೀವ ಹೋಗಿ ಬಂದಂತಾಗಿತ್ತು. ಆ ಮಾತನ್ನು ಮೊದಲನೆಯ ಆಸ್ಪತ್ರೆಯ ಡಾಕ್ಟರರು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಬರೆದದ್ದು ಚೀಟಿಯ ಮೇಲೆ. ಚೀಟಿ ಚೀಲದಲ್ಲಿ. ಚೀಲ ಮನೆಯ ಗೂಟಕ್ಕೆ.

ಎರಡನೆಯ ಆಸ್ಪತ್ರೆಯ ತರುಣ ಡಾಕ್ಟರರು ಕೇಳಿದರು: ‘ಯಾವ್ದರ ಔಷಧ ಆಗಲ್ದು ಅದಾವೇನ್ರಿ ಇವರಿಗಿ?’ ಅಜ್ಜನಿಗೆ ಮಾತಾಡುವ ಸ್ಥಿತಿ ಇಲ್ಲ. ಮಗ ಪುಣೆಯಲ್ಲಿ ಕಟ್ಟಡದ ಕೆಲಸದ ಮೇಲೆ. ಮೊಮ್ಮಗನಿಗೆ ಗೊತ್ತಿದ್ದದ್ದು ಇಷ್ಟೇ: ‘ಏನೋ ಒಂದು ಸೂಜಿ ಆಗಲ್ರಿ ಸರ್, ಹೆಸರು ನೆನಪಿಲ್ರಿ.’ ಡಾಕ್ಟರರು ಒಳ್ಳೆಯವರು, ಆಮ್ಲಜನಕ ಹಚ್ಚಿ, ಸೂಜಿ ತಡೆದು ಕಾದರು. ಹುಡುಗ ಅದೇ ಆಟೋದಲ್ಲಿ ಮನೆಗೆ ಓಡಿಹೋಗಿ ಚೀಲ ತಂದ. ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ಎರಡು ಆಸ್ಪತ್ರೆಯ ಎರಡು ಕಂಪ್ಯೂಟರುಗಳು ಫ್ಯಾನಿನ ಗಾಳಿ ತಿನ್ನುತ್ತ ಕುಳಿತಿದ್ದವು.

ಮೊದಲನೆಯ ಯಂತ್ರಕ್ಕೆ ಅಜ್ಜ ಎಷ್ಟು ಸಲ ಬಂದಿದ್ದರು, ಎಷ್ಟು ರೊಕ್ಕ ಕಟ್ಟಿದ್ದರು ಎಲ್ಲವೂ ಗೊತ್ತು. ಯಾವ ಔಷಧ ಅವರನ್ನು ಕೊಲ್ಲಬಲ್ಲದು ಅನ್ನುವುದು ಮಾತ್ರ ಗೊತ್ತಿಲ್ಲ. ಯಾಕಂದರೆ ಯಾರೂ ಅದಕ್ಕೆ ಹೇಳಿರಲಿಲ್ಲ. ಕೌಂಟರಿನ ಹುಡುಗನಿಗೆ ಡಾಕ್ಟರರ ಚೀಟಿ ಟೈಪ್ ಮಾಡುವ ಕೆಲಸವಿಲ್ಲ, ಡಾಕ್ಟರರಿಗೆ ಮುಂಜಾನೆಯಿಂದ ಬಾಗಿಲ ಹೊರಗೆ ನಿಂತ ಜನರನ್ನು ಬಿಟ್ಟು ಕೀಲಿಮಣೆ ಕುಟ್ಟುವ ವೇಳೆಯಿಲ್ಲ.

ಕಂಪ್ಯೂಟರ್ ಬೇಡ ಅಂತ ಈ ಅಂಕಣ ಹೇಳುತ್ತಿಲ್ಲ. ಬೇಡ ಅನ್ನುವವರು ಸೂಪರ್ ಮಾರ್ಕೆಟಿಗೆ ಹೋಗಿ ನೋಡಲಿ. ಉದ್ರಿ ಪುಸ್ತಕ ಬಿಟ್ಟು ಬೇರೆ ಏನನ್ನೂ ನಂಬದ ನಮ್ಮ ಕಿರಾಣಿ ಅಂಗಡಿಯ ಕಾಕಾ ಕೂಡ ಗಲ್ಲಾಪೆಟ್ಟಿಗೆಯ ಮುಂದೆ ಕ್ಯೂಆರ್ ಚೌಕ ಅಂಟಿಸಿದ್ದಾರೆ. ರೊಕ್ಕ ಬಂದ ಕೂಡಲೇ ಡಬ್ಬಿ ಕೂಗಿ ಹೇಳುತ್ತದೆ. ಅದಕ್ಕೆ ಯಾರೂ ಅವರಿಗೆ ತರಬೇತಿ ಶಿಬಿರ ಮಾಡಲಿಲ್ಲ, ಸುತ್ತೋಲೆ ಕಳಿಸಲಿಲ್ಲ. ಚಿಲ್ಲರೆಯ ತಂಟೆ ತಪ್ಪಿತು, ಸಂಜೆ ಎಣಿಸುವ ಕೆಲಸ ತಪ್ಪಿತು, ಅಷ್ಟು ಸಾಕಾಯಿತು. ಕಾಕಾ ಅವರಿಗೆ ‘ಡಬ್ಬಿ ಕೂಗಿದ ಮೇಲೆ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೀರಿ, ಮತ್ತೆ ಇನ್ನೊಂದು ಮೊಬೈಲಿನಲ್ಲಿ ತುಂಬ್ರಿ, ಫೋಟೋ ತೆಗೆದು ಬೆಂಗಳೂರಿಗೆ ಕಳಸ್ರಿ’ ಅಂದಿದ್ದರೆ ಡಬ್ಬಿ ಎಂದೋ ಮೂಲೆ ಸೇರುತ್ತಿತ್ತು.

ಆಸ್ಪತ್ರೆಯ ಸಿಸ್ಟರುಗಳಿಗೆ, ಹಳ್ಳಿಯ ಆಶಾ ಅಕ್ಕಂದಿರಿಗೆ ನಾವು ಹೇಳುತ್ತಿರುವುದು ಸರಿಯಾಗಿ ಅದನ್ನೇ. ಬಸುರಿ ಹೆಂಗಸಿನ ಹೆಸರು ಮೊದಲು ತಾಯಿ ಕಾರ್ಡಿನಲ್ಲಿ, ಆಮೇಲೆ ರಿಜಿಸ್ಟರಿನಲ್ಲಿ, ಆಮೇಲೆ ಆರ್‌ಸಿಎಚ್ ಎಂಬ ಪೋರ್ಟಲಿನಲ್ಲಿ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯೊಳಗೆ ಧರಣಿ ಕುಳಿತರಲ್ಲ, ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಸಂಬಳದ ಮಾತು. ಅದರ ಜೊತೆ ಇನ್ನೊಂದು ಬೇಡಿಕೆಯೂ ಇತ್ತು: ನಮ್ಮ ಪ್ರೋತ್ಸಾಹಧನವನ್ನು ಪೋರ್ಟಲಿಗೆ ಕಟ್ಟಿಹಾಕಿದ್ದನ್ನು ಬಿಡಿಸಿರಿ ಅಂತ. ಕೆಲಸ ಮಾಡಿದ್ದು ಖರೆ, ಹೆರಿಗೆ ಆಗಿದ್ದು ಖರೆ, ಕೂಸು ಅಳುವುದೂ ಖರೆ. ಪೋರ್ಟಲಿನಲ್ಲಿ ಕಾಣಲಿಲ್ಲ ಅಂದರೆ ರೊಕ್ಕ ಇಲ್ಲ! ತಪ್ಪು ಯಂತ್ರದ್ದಾದರೂ ದಂಡ ಮನುಷ್ಯರಿಗೆ.

ಇದು ನಮ್ಮ ಊರಿನ ದಡ್ಡತನ ಅಂತ ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಸೀಡರ್ಸ್-ಸೈನಾಯ್ ಅಂತ ದೊಡ್ಡ ಆಸ್ಪತ್ರೆ ಇದೆ. 2002ರ ಕೊನೆಗೆ ಅಲ್ಲಿ ಡಾಕ್ಟರರು ಔಷಧವನ್ನು ಕಂಪ್ಯೂಟರಿನಲ್ಲಿಯೇ ಬರೆಯಬೇಕೆಂದು ಹೊಸ ಪದ್ಧತಿ ತಂದರು. ಮೊದಲು ಕೈಯಲ್ಲಿ ಗೀಚಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ನಿಮಿಷಗಟ್ಟಲೆ ಹಿಡಿಯತೊಡಗಿತು. ಡಾಕ್ಟರರೇ ತಿರುಗಿಬಿದ್ದರು. 2003ರ ಜನವರಿಯಲ್ಲಿ ಆಡಳಿತದವರು ಅದನ್ನು ನಿಲ್ಲಿಸಿ ಮತ್ತೆ ಕಾಗದಕ್ಕೆ ಬಂದರು. ಇಂಗ್ಲೆಂಡಿನದು ಇನ್ನೂ ದೊಡ್ಡ ಕಥೆ. ಇಡೀ ದೇಶದ ಆಸ್ಪತ್ರೆಗಳನ್ನೆಲ್ಲ ಒಂದೇ ಜಾಲಕ್ಕೆ ಕಟ್ಟುತ್ತೇವೆಂದು 2002ರಲ್ಲಿ ಹೊರಟ ಸರಕಾರ 2011ರಲ್ಲಿ ಆ ಯೋಜನೆಯನ್ನೇ ಬಿಚ್ಚಿಹಾಕಿತು. ಅಷ್ಟರಲ್ಲಿ ಲೆಕ್ಕ ಸಾವಿರ ಕೋಟಿ ಪೌಂಡಿನ ಹತ್ತಿರ ಹೋಗಿತ್ತು. ಮೇಲೆ ಕುಳಿತವರು ಕೊಂಡರು, ಕೆಳಗೆ ಕೆಲಸ ಮಾಡುವವರನ್ನು ಕೇಳಲಿಲ್ಲ ಎಂಬುದೇ ಅಲ್ಲಿ ಕೇಳಿಬಂದ ದೊಡ್ಡ ದೂರು.

ಆದರೆ ದೂರದ ಕಥೆ ಸಾಕು. ಸರಿಯಾಗಿ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೂ ನಮ್ಮ ಮನೆಯಲ್ಲೇ ಉದಾಹರಣೆ ಇದೆ, ಅದನ್ನು ನಾವೇ ಮರೆತಿದ್ದೇವೆ.

2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ, ನಮ್ಮ ಗುಲ್ಬರ್ಗಾ ವಿಭಾಗದಲ್ಲಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ರೋಗಗಳಿಗೆ ಒಂದೂವರೆ ಲಕ್ಷದತನಕ, ಬೇಕಾದರೆ ಇನ್ನೂ ಐವತ್ತು ಸಾವಿರ. ಆಪರೇಶನ್‌ಗೆ ಮುಂಚೆ ಕಾಗದಪತ್ರ ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಕಂಪ್ಯೂಟರಿನಲ್ಲೇ ಹೋಗಿ ಅಲ್ಲಿಂದ ಒಪ್ಪಿಗೆ ಬರಬೇಕಿತ್ತು. ಅಂದರೆ ಅದೂ ಯಂತ್ರದ ಮೇಲೆ ನಡೆದ ಕೆಲಸವೇ. ಆದರೆ ಯಂತ್ರದ ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದ. ‘ಆರೋಗ್ಯ ಮಿತ್ರ’ ಅಂತ ಅವನ ಹೆಸರು. ರೋಗಿ ಕಾರ್ಡು ಕೊಟ್ಟರೆ ಸಾಕು, ತುಂಬುವುದು, ಕಳಿಸುವುದು, ಬೆನ್ನು ಹತ್ತುವುದು ಅವನ ಪಾಲಿಗೆ. ಹಳ್ಳಿಗಳ ಕಡೆ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿ ಕರೆತಂದರು.

ಫಲ ಏನಾಯಿತು? ಯೋಜನೆಯ ಗಡಿಯ ಈಚೆ ಇದ್ದ ಹಳ್ಳಿಗಳನ್ನು, ಆಚೆ ಇದ್ದ ಹಳ್ಳಿಗಳನ್ನು ಹೋಲಿಸಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂತು. ಯೋಜನೆಗೆ ಸೇರಿದ ರೋಗಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು, ಯೋಜನೆ ಇದ್ದ ಕಡೆ ಶೇಕಡಾ 64ರಷ್ಟು ಕಡಿಮೆ ಎಂದು ಅದು ಹೇಳಿತು. ರೊಕ್ಕ ಕೊಟ್ಟಿದ್ದು ಸರಕಾರ, ಕತ್ತರಿ ಹಿಡಿದಿದ್ದು ಡಾಕ್ಟರು, ಯಂತ್ರ ನಡುವೆ ಚೀಟಿ ಒಯ್ಯುವ ಆಳಾಗಿತ್ತು. ಅಷ್ಟೇ ಅದರ ಪಾಲು, ಅಷ್ಟು ಸಾಕಾಗಿತ್ತು.

2018ರಲ್ಲಿ ಇದೆಲ್ಲ ಸೇರಿ ಆರೋಗ್ಯ ಕರ್ನಾಟಕವಾಯಿತು, ಆಮೇಲೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಕೂಡಿತು. 2021ರ ಸೆಪ್ಟೆಂಬರಿನಲ್ಲಿ ಡಿಜಿಟಲ್ ಮಿಷನ್ ಬಂತು. ಪ್ರತಿಯೊಬ್ಬರಿಗೂ ‘ಅಭಾ’ ಅಂತ ಹದಿನಾಲ್ಕು ಅಂಕಿಯ ಒಂದು ನಂಬರ್. ಆ ನಂಬರಿನಡಿ ಯಾವ ಆಸ್ಪತ್ರೆಯ ದಾಖಲೆಯನ್ನಾದರೂ, ನೀವು ಒಪ್ಪಿದರೆ, ಇನ್ನೊಂದು ಆಸ್ಪತ್ರೆಯ ಡಾಕ್ಟರು ನೋಡಬಹುದು. ಯೋಚನೆ ಬಹಳ ಒಳ್ಳೆಯದು. ನಮ್ಮ ಅಜ್ಜನ ಚೀಲಕ್ಕೆ ಇದೇ ಮದ್ದು. ದೇಶದಲ್ಲಿ ಇಂಥ ನಂಬರುಗಳು 2025ರ ಆರಂಭಕ್ಕೇ 70 ಕೋಟಿ ದಾಟಿದ್ದವು.

ಆದರೆ ನಂಬರ್ ಬೇರೆ, ದಾಖಲೆ ಬೇರೆ. ಬ್ಯಾಂಕಿನಲ್ಲಿ ಖಾತೆ ತೆರೆದ ಮಾತ್ರಕ್ಕೆ ಅದರಲ್ಲಿ ರೊಕ್ಕ ಇರುತ್ತದೆಯೇ? ನಂಬರ್ ಮಾಡಿಸಿದವರ ಲೆಕ್ಕ ಸಭೆಯಲ್ಲಿ ಓದುತ್ತಾರೆ. ಅದರೊಳಗೆ ಡಾಕ್ಟರು ಬರೆದ ಒಂದು ಸಾಲಾದರೂ ಇರುವ ಖಾತೆಗಳು ಈ ಜಿಲ್ಲೆಯಲ್ಲಿ ಎಷ್ಟು? ನಮಗೆ ಬೇಕಾದದ್ದು ಆ ಲೆಕ್ಕ.

ಹೊರರೋಗಿ ವಿಭಾಗದ ಮುಂದೆ ಕ್ಯೂಆರ್ ಚೌಕ ಹಚ್ಚಿ, ಮೊಬೈಲ್ ತೋರಿಸಿದರೆ ಟೋಕನ್ ಬರುವ ಪದ್ಧತಿಯೂ 2022ರಿಂದ ದೇಶದಲ್ಲಿ ಶುರುವಾಯಿತು. ಒಳ್ಳೆಯ ಮೊಬೈಲ್ ಇದ್ದ ಹುಡುಗರಿಗೆ ಸರದಿ ತಪ್ಪುತ್ತದೆ. ಮೊಬೈಲ್ ಇಲ್ಲದ ಅವ್ವನ ಕಥೆ ಮಾತ್ರ ಬೇರೆ. ಓಟಿಪಿ ಬರುವುದು ಮಗನ ನಂಬರಿಗೆ. ಮಗ ಮುಂಬೈಯಲ್ಲೋ ಪುಣೆಯಲ್ಲೋ ಏಳನೆಯ ಅಂತಸ್ತಿನಲ್ಲಿ ಸಿಮೆಂಟಿನ ಬುಟ್ಟಿ ಹೊತ್ತು ನಿಂತಿದ್ದಾನೆ. ಫೋನು ಎತ್ತುವುದಿಲ್ಲ. ಎತ್ತುವಷ್ಟರಲ್ಲಿ ಓಟಿಪಿಯ ವೇಳೆ ಮುಗಿದಿರುತ್ತದೆ. ‘ಹಿಂದ್ ಸರೀರ್ಬೇ ಯವ್ವಾ, ಮುಂದಿನೋರು ಬರ್ರಿ.’ ಆ ಅವ್ವ ಒಂದು ದಿನದ ಕೂಲಿ ಬಿಟ್ಟು ಬಂದವಳು. ಶಕ್ತಿ ಯೋಜನೆಯಿಂದ ಬಸ್ಸೇನೋ ಪುಕ್ಕಟೆ, ದಿನ ಪುಕ್ಕಟೆಯಲ್ಲ. ಅಭಾ ನಂಬರ್ ಐಚ್ಛಿಕ, ಕಡ್ಡಾಯವಲ್ಲ ಅಂತ ಸರಕಾರವೇ ಹೇಳಿದೆ. ಆ ಮಾತನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ದೊಡ್ಡಕ್ಷರದಲ್ಲಿ ಕೌಂಟರಿನ ಮೇಲೆ ಬರೆಸಲಿಕ್ಕೆ ಎಷ್ಟು ಖರ್ಚು?

ಇನ್ನು ಹೆಸರಿನ ಗೊಂದಲ. ಇದನ್ನು ಬೆಂಗಳೂರಿನಲ್ಲಿ ಕುಳಿತು ಸಾಫ್ಟ್‌ವೇರ್ ಬರೆಯುವವರು ತಿಳಿಯಲಾರರು, ಕಲಬುರಗಿಯವರೇ ಹೇಳಬೇಕು. ನಮ್ಮ ಊರ ಶರಣಬಸವೇಶ್ವರರ ಹೆಸರನ್ನೇ ಇಂಗ್ಲಿಷಿನಲ್ಲಿ ನಾವು ಒಂದೇ ರೀತಿ ಬರೆಯುವುದಿಲ್ಲ. ಗುಡಿಯ ಹೆಸರಿನಲ್ಲಿ ‘ಎ’ ಅಕ್ಷರ ಧಾರಾಳ, ವಿಶ್ವವಿದ್ಯಾಲಯದ ಹೆಸರಿನಲ್ಲಿ ಅದನ್ನು ಉಳಿತಾಯ ಮಾಡಿದ್ದಾರೆ. ಅದೇ ಹೆಸರು ಹೊತ್ತ ಸಾವಿರಾರು ಜನ ಈ ಜಿಲ್ಲೆಯಲ್ಲಿದ್ದಾರೆ. ಮೊಹಮ್ಮದ್ ಎಂಬ ಹೆಸರು ಒಂದು ಕಡೆ ಪೂರ್ತಿ, ಒಂದು ಕಡೆ ‘ಎಂಡಿ’, ಇನ್ನೊಂದು ಕಡೆ ‘ಮೊಹಡ್’. ಹುಟ್ಟಿದ ತಾರೀಖಂತೂ ಕೇಳಬೇಡಿ. ಸಾಲಿಗೆ ಹೋದವರು ಜೂನ್ 1ಕ್ಕೆ ಹುಟ್ಟಿದ್ದಾರೆ, ಹೋಗದವರು ಜನವರಿ 1ಕ್ಕೆ. ಊರಿನ ಹೆಸರಾದರೂ ಸರಿ ಇದೆಯೇ? 2014ರ ನವೆಂಬರ್ 1ರಿಂದ ನಾವು ಕಲಬುರಗಿ, ಹಳೆಯ ಚೀಟಿಗಳಲ್ಲಿ ಗುಲ್ಬರ್ಗಾ.

ನಗುವ ಮಾತಲ್ಲ ಇದು. ಒಂದೇ ಹಳ್ಳಿಯ ಇಬ್ಬರು ಶರಣಪ್ಪಗಳು, ಇಬ್ಬರೂ ಜನವರಿ 1ಕ್ಕೆ ಹುಟ್ಟಿದವರು, ಇಬ್ಬರ ವಯಸ್ಸೂ ಅರವತ್ತು. ಒಬ್ಬರ ದಾಖಲೆ ಇನ್ನೊಬ್ಬರ ಹೆಸರಿಗೆ ಕೂಡಿಕೊಂಡರೆ ಆಗದ ಔಷಧ ಆಗುವಂತೆ ಕಾಣುತ್ತದೆ, ಇಲ್ಲದ ಸಕ್ಕರೆ ರೋಗ ಇದ್ದಂತೆ ಕಾಣುತ್ತದೆ. ಕಾಗದದ ಚೀಲದಲ್ಲಿ ಈ ತಪ್ಪು ಆಗುತ್ತಿರಲಿಲ್ಲ, ಅದು ಅವರವರ ಕೈಯಲ್ಲೇ ಇರುತ್ತಿತ್ತು. ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡುವಂತೆ, ರೋಗಿಗೆ ಓದಿ ಹೇಳಿ ಒಪ್ಪಿಸುವಂತೆ ಆದರೆ ಅರ್ಧ ತಪ್ಪು ಕೌಂಟರಿನಲ್ಲೇ ಸತ್ತುಹೋಗುತ್ತದೆ. ಭಾಷೆಯ ಮಾತು ಬಂದಾಗ ಅಧಿಕಾರಿಗಳು ‘ಆಮೇಲೆ ಸೇರಿಸೋಣ’ ಅನ್ನುತ್ತಾರೆ. ಕೊರೋನಾ ಕಾಲದಲ್ಲಿ ಕೋವಿನ್ ಗತಿ ಏನಾಯಿತು? 2021ರ ಏಪ್ರಿಲ್ ಕೊನೆಗೆ 18ರಿಂದ 44 ವಯಸ್ಸಿನವರು ಅದರಲ್ಲಿ ಹೆಸರು ಬರೆಸಲೇಬೇಕೆಂದಾಗ ಅದು ಇಂಗ್ಲಿಷ್ ಆಡುತ್ತಿತ್ತು. ಕನ್ನಡ ಬಂದದ್ದು ಜೂನಿನಲ್ಲಿ. ಅಷ್ಟರೊಳಗೆ ಶಹರದ ಮಂದಿ ಹಳ್ಳಿಯ ಕೇಂದ್ರಗಳ ಸರದಿ ಹಿಡಿದು, ಕಾರಿನಲ್ಲಿ ಹೋಗಿ ಸೂಜಿ ಹಾಕಿಸಿಕೊಂಡು ಬಂದದ್ದನ್ನು ದೇಶವೆಲ್ಲ ನೋಡಿತು.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಐವಾನ್-ಎ-ಶಾಹಿ ನಿಜಾಮರು ಬಂದಾಗ ತಂಗುತ್ತಿದ್ದ ಬಂಗಲೆ. ಹುಜೂರರ ರೈಲು ನೇರ ಬಂಗಲೆಯ ಬಾಗಿಲತನಕ ಬರುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಇವತ್ತಿನ ಗಣಕದ ಹಳಿಯೂ ಹಾಗೇ ಇದೆ. ಎಷ್ಟು ಜನ ಬಂದರು, ಎಷ್ಟು ನೋಂದಣಿಯಾಯಿತು ಎಂಬ ಅಂಕಿಯ ರೈಲು ಸಾಹೇಬರ ಮೇಜಿನತನಕ ದಿನಾ ತಪ್ಪದೆ ಹೋಗುತ್ತದೆ. ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಯ ಡಾಕ್ಟರ ಮೇಜಿಗೆ ಹಳಿ ಹಾಕಿಲ್ಲ.

ಈಗ ಆಸ್ಪತ್ರೆಗಳಿಗೆ ಬರಗಾಲವೂ ಇಲ್ಲ. ಜಿಮ್ಸ್ ಇದೆ, ಇಎಸ್‌ಐ ಇದೆ, ಬಸವೇಶ್ವರ ಆಸ್ಪತ್ರೆ ಇದೆ, ಕ್ಯಾನ್ಸರಿಗೆ ಕಿದ್ವಾಯಿ ಘಟಕ ಇದೆ. ಹೃದಯಕ್ಕೆ ಜಯದೇವದ 371 ಹಾಸಿಗೆಯ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ತೆರೆಯಿತು. ಮೊದಲು ಸೊಲ್ಲಾಪುರ, ಹೈದರಾಬಾದು ಅಂತ ಓಡುತ್ತಿದ್ದ ಜನ ಈಗ ಶಹರದೊಳಗೇ ಒಂದರಿಂದ ಒಂದಕ್ಕೆ ಹೋಗುತ್ತಾರೆ. ಆದ್ದರಿಂದಲೇ ಈ ಹಳಿಯ ಗರಜು ಈಗ ಹೆಚ್ಚು.

ಮೊದಲು ಆಗಬೇಕಾದದ್ದು ಸಣ್ಣ ಕೆಲಸ. ರೋಗಿಯ ಎಲ್ಲಾ ಇತಿಹಾಸ ತುಂಬುತ್ತೇವೆಂದು ಹೊರಟರೆ ಲಾಸ್ ಏಂಜಲೀಸಿನ ಗತಿ. ನಾಲ್ಕೇ ಮಾತು ತುಂಬಿರಿ: ಆಗದ ಔಷಧ, ದಿನಾ ತಿನ್ನುವ ಗುಳಿಗೆ, ದೊಡ್ಡ ರೋಗ, ಆಗಿರುವ ಆಪರೇಶನ್. ಅದನ್ನು ಡಾಕ್ಟರರಿಂದ ತುಂಬಿಸಬೇಡಿ. ಪಕ್ಕದಲ್ಲಿ ಒಬ್ಬ ತರಬೇತಾದ ಹುಡುಗನನ್ನೋ ಹುಡುಗಿಯನ್ನೋ ಕೂಡಿಸಿ, ಡಾಕ್ಟರು ಒಮ್ಮೆ ನೋಡಿ ಒಪ್ಪಲಿ. ಆರೋಗ್ಯ ಮಿತ್ರನನ್ನು ಕಂಡ ಊರು ಇದು, ಹೊಸ ಸಂಗತಿಯೇನಲ್ಲ. ಕಂಪ್ಯೂಟರಿನಲ್ಲಿ ತುಂಬಿದ್ದನ್ನು ಮತ್ತೆ ರಿಜಿಸ್ಟರಿನಲ್ಲಿ ಬರೆಯಿರಿ ಅನ್ನುವ ಹುಕುಂ ಅದೇ ದಿನ ರದ್ದಾಗಬೇಕು. ಇಲ್ಲವಾದರೆ ಸಿಸ್ಟರುಗಳು ಎರಡರಲ್ಲೊಂದನ್ನು ಸುಳ್ಳು ಬರೆಯುತ್ತಾರೆ, ಬರೆದರೆ ಅವರನ್ನು ಬೈಯಲಿಕ್ಕೂ ನಮಗೆ ಬಾಯಿಲ್ಲ.

ಕಾಗದವನ್ನು ಪೂರ್ತಿ ಬಿಡುವುದೂ ಬೇಡ. ದಿಲ್ಲಿಯ ಏಮ್ಸ್ ಆಸ್ಪತ್ರೆಗಿಂತ ದೊಡ್ಡದು ಯಾವುದಿದೆ? 2022ರ ನವೆಂಬರ್ 23ರಂದು ಕಳ್ಳರು ದೂರದಿಂದಲೇ ಅದರ ಸರ್ವರುಗಳಿಗೆ ಬೀಗ ಜಡಿದರು. ಸುಮಾರು ಎರಡು ವಾರ ಅಲ್ಲಿ ಚೀಟಿ, ರಿಪೋರ್ಟು ಎಲ್ಲ ಕೈಬರಹದಲ್ಲಿ ನಡೆಯಿತು. ಕಾಗದದ ರೂಢಿ ಇನ್ನೂ ಇದ್ದದ್ದಕ್ಕೆ ಆಸ್ಪತ್ರೆ ನಡೆಯಿತು. ಇಲ್ಲಿ ಕಳ್ಳರೇ ಬರಬೇಕಾಗಿಲ್ಲ, ಕರೆಂಟ್ ಹೋದರೂ ಸಾಕು. ಬೇಸಿಗೆಯ ಬಿಸಿಲಿಗೆ ಹೆದರಿ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರಕಾರಿ ಕಚೇರಿಗಳ ವೇಳೆಯನ್ನೇ ಮುಂಜಾನೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುತ್ತಾರೆ. ಮನುಷ್ಯರಿಗೆ ತಾಳದ ಆ ಕಾವಿನಲ್ಲಿ ಮೂಲೆಯ ಕೋಣೆಯ ಸರ್ವರ್ ಹೇಗೆ ತಾಳುತ್ತದೆ ಅಂತ ಟೆಂಡರ್ ಬರೆಯುವಾಗ ಯಾರಾದರೂ ಕೇಳಿದ್ದಾರೆಯೇ?

ಪ್ರತಿ ಭೇಟಿಯ ಕೊನೆಗೆ ಆ ನಾಲ್ಕು ಮಾತಿನ ಒಂದು ಪುಟ್ಟ ಚೀಟಿ ಕನ್ನಡದಲ್ಲಿ ಅಚ್ಚಾಗಿ ರೋಗಿಯ ಕೈಗೆ ಬರಬೇಕು. ಪಹಣಿಯನ್ನು 2001ರ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಹಾಕಿದಾಗ ಹದಿನೈದು ರೂಪಾಯಿಗೆ ಕನ್ನಡದ ಅಚ್ಚು ಪ್ರತಿ ರೈತನ ಕೈಗೆ ಬಂತು. ತಪ್ಪಿದ್ದರೆ ಅವನಿಗೇ ಓದಿ ಗೊತ್ತಾಯಿತು. ಹೊಲದ ಲೆಕ್ಕ ಓದಿಕೊಳ್ಳುವ ಹಕ್ಕು ಇದ್ದವನಿಗೆ ಮೈಯ ಲೆಕ್ಕ ಓದಿಕೊಳ್ಳುವ ಹಕ್ಕು ಬೇಡವೇ? ಹಾಗೇ, ಈ ದಾಖಲೆಯನ್ನು ಯಾರು ನೋಡಿದರು ಅಂತ ಕೇಳಿದರೆ ಹೇಳುವ ವ್ಯವಸ್ಥೆಯೂ ಇರಬೇಕು. ಬಾಲೆಯರ ರೋಗ, ಟಿಬಿ, ಮನಸ್ಸಿನ ಕಾಯಿಲೆ ಇಂಥವು ಓಣಿಯಲ್ಲಿ ಹಬ್ಬಿದರೆ ಮದುವೆಗಳು ನಿಲ್ಲುವ ಊರು ನಮ್ಮದು. 2023ರಲ್ಲಿ ಖಾಸಗಿ ಮಾಹಿತಿ ಕಾಪಾಡುವ ಕಾಯಿದೆ ದಿಲ್ಲಿಯಲ್ಲಿ ಪಾಸಾಯಿತು. ಅದರ ಗಾಳಿ ಸೇಡಂ ರಸ್ತೆಯ ಕೌಂಟರುಗಳಿಗೂ ಬೀಸಬೇಕು.

ಮುಂದಿನ ಹೊಸ ಪದ್ಧತಿಯ ಸಭೆ ಕರೆದಾಗ ಕಂಪನಿಯವರ ಜೊತೆ ಒಬ್ಬ ವಾರ್ಡಿನ ಸಿಸ್ಟರನ್ನು, ಕಮಲಾಪುರದ ಕಡೆಯ ಒಬ್ಬ ಆಶಾ ಅಕ್ಕನನ್ನು, ಕೌಂಟರಿನ ಒಬ್ಬ ಹುಡುಗನನ್ನು ಕುರ್ಚಿ ಹಾಕಿ ಕೂಡಿಸಿರಿ. ಚಹಾದ ಖರ್ಚು ಹೆಚ್ಚಾದರೆ ಈ ಪತ್ರಿಕೆಯ ಓದುಗರೇ ಕೊಡುತ್ತಾರೆ.

ಅಂದ ಹಾಗೆ, ನಮ್ಮ ಅಜ್ಜ ಈಗ ಆರಾಮಾಗಿದ್ದಾರೆ. ಆ ರಾತ್ರಿಯ ನಂತರ ಮೊಮ್ಮಗ ಹಟ ಹಿಡಿದು ಅವರಿಗೂ ಅಭಾ ನಂಬರ್ ಮಾಡಿಸಿದ. ಅಜ್ಜ ಆ ಹದಿನಾಲ್ಕು ಅಂಕಿಯನ್ನು ಒಂದು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆಸಿ, ಕೆಂಪು ಶಾಯಿಯ ಚೀಟಿಯ ಬೆನ್ನಿಗೆ ಪಿನ್ನು ಹಾಕಿ, ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.